ಸಾವ್ಕಾರನ ಮೊದಲ ತುತ್ತು

ರಾಯಚೂರಿನಿಂದ ಮಾನ್ವಿಗೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಉಮಾದೇವಿ ಆ ಚಳಿಗಾಲದಲ್ಲಿ ಟಿಕೆಟ್ ಕೊಡುವುದಕ್ಕೆ ಮುಂಚೆ ಒಂದು ಪ್ರಶ್ನೆ ಕೇಳುತ್ತಿದ್ದಳು: “ನಿಮ್ಮ ಹೊಲದಾಗ ಈಗ ಏನೇನ್ ತಪ್ಪಲ ಅದರಿ?” ಸೊಪ್ಪಿಗೆ ಈ ಕಡೆ ತಪ್ಪಲ ಅನ್ನುತ್ತಾರೆ. ಹೊಸಬರು ತಬ್ಬಿಬ್ಬಾಗುತ್ತಿದ್ದರು. ಸರ್ಕಾರ ಹೊಲದ ಲೆಕ್ಕವನ್ನೂ ಬಸ್ಸಿನಲ್ಲೇ ತೆಗೆದುಕೊಳ್ಳಲು ಶುರುಮಾಡಿತೇನೋ ಎಂದು ಒಬ್ಬ ಮುದುಕ ಗಾಬರಿಬಿದ್ದು, ಮಾನ್ವಿಗೆ ಹೋಗಬೇಕಾದವನು ಕಲ್ಮಲದಲ್ಲೇ ಇಳಿಯಲು ಹೊರಟಿದ್ದ. ದಿನಾ ಓಡಾಡುವವರಿಗೆ ಮಾತ್ರ ಗೊತ್ತಿತ್ತು, ಇದು ಸಾವ್ಕಾರನ ಊಟದ ವಿಚಾರ ಎಂದು.

ಸಾವ್ಕಾರ ಎಂದರೆ ಉಮಾದೇವಿಯ ಮನೆಯ ಗಿಳಿ. ಕೊರಳ ಸುತ್ತ ಕೆಂಪು ಕಪ್ಪು ಪಟ್ಟಿ, ಗಂಜ್ ಮಾರುಕಟ್ಟೆಯ ವ್ಯಾಪಾರಿ ಶಲ್ಯ ಹಾಕಿಕೊಂಡಂತೆ. ನಡಿಗೆಯೂ ಹಾಗೇ, ಬಾಕಿ ವಸೂಲಿಗೆ ಬಂದವನ ಗತ್ತು. ಆ ಹೆಸರಿಟ್ಟವಳು ಉಮಾದೇವಿಯ ಅತ್ತೆ ಬಾಲಮ್ಮ. ಐದಾರು ವರ್ಷದ ಹಿಂದೆ, ಮಗ ರೇವಣಸಿದ್ದ ಕೆಲಸ ಮಾಡುವ ಅಕ್ಕಿ ಗಿರಣಿಯ ಬೇವಿನ ಮರದ ಕೆಳಗೆ ಬೆಕ್ಕು ಹಿಡಿದುಬಿಟ್ಟ ಗಿಳಿಯೊಂದು ರೆಕ್ಕೆ ಮುರಿದು ಬಿದ್ದಿತ್ತು. ಮಗನಿಗೆ ಬುತ್ತಿ ಕೊಡಲು ಹೋಗಿದ್ದ ಬಾಲಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಕುರಿಮರಿಯ ಕಾಲಿಗೆ ಕಟ್ಟುವ ಹಾಗೆ ಬಿದಿರ ಸೀಳು, ಅರಿಶಿನ, ಬಟ್ಟೆಯ ಪಟ್ಟಿ ಎಲ್ಲ ಕಟ್ಟಿದಳು. ಗಿಳಿ ಬದುಕಿತು. ಆದರೆ ರೆಕ್ಕೆ ಸೊಟ್ಟಗೆ ಕೂಡಿಕೊಂಡಿತು, ಹಾರುವುದು ಅಲ್ಲಿಗೆ ಮುಗಿಯಿತು. ಪಂಜರದ ಗೊಡವೆ ಬೇಕಾಗಲಿಲ್ಲ. ಹಗಲು ಬಾಲಮ್ಮನ ಹೊರಸು, ಅಂದರೆ ಹಗ್ಗದ ಮಂಚದ ಮೇಲೆ, ರಾತ್ರಿ ಬುಟ್ಟಿಯೊಳಗೆ ಅದರ ಸಂಸಾರ ನಡೆಯಿತು.

ಬಾಲಮ್ಮ ಚಂದ್ರಬಂಡದ ಕುರಿಗಾರರ ಮನೆಯವಳು. ದೊಡ್ಡಿಯಲ್ಲೇ ಹುಟ್ಟಿ ದೊಡ್ಡಿಯಲ್ಲೇ ಬೆಳೆದವಳು ಅಂದರೂ ಸುಳ್ಳಲ್ಲ. ಗಂಡ ತೀರಿಕೊಂಡ ಮೇಲೆ ಮಗನ ಜೊತೆ ರಾಯಚೂರಿಗೆ ಬಂದಳು. ಕುರಿ ಬಿಟ್ಟು ಬಂದರೂ ಕುರಿದೊಡ್ಡಿಯ ರೀತಿ ಬಿಡಲಿಲ್ಲ. ಅವಳಪ್ಪ ಮುದುಕಪ್ಪ ಊಟಕ್ಕೆ ಕುಳಿತರೆ ಮೊದಲ ತುತ್ತು ಕಾವಲು ನಾಯಿಗೆ ಹೋಗಬೇಕು, ಆಮೇಲೆ ಅವನ ಬಾಯಿಗೆ. ಹಸಿವೆಯಾಗಿದೆ ಎಂದು ಬಾಯಿಬಿಟ್ಟು ಹೇಳಲಾಗದ ಜೀವ ಎದುರಿಗಿರುವಾಗ ಬಾಯಿ ಇದ್ದವನು ಮೊದಲು ತಿನ್ನಬಾರದು ಎಂಬುದು ಅವನ ಕಟ್ಟಳೆ. ಬಾಲಮ್ಮ ಅರವತ್ತೆಂಟು ವರ್ಷ ಅದನ್ನು ಮುರಿದವಳಲ್ಲ. ಪಟ್ಟಣದಲ್ಲಿ ನಾಯಿಯ ಜಾಗಕ್ಕೆ ಸಾವ್ಕಾರ ಬಂದ, ಅಷ್ಟೆ. ತಾಟು ಮುಂದಿಟ್ಟುಕೊಂಡು “ಬಾರಪಾ ಸಾವ್ಕಾರ” ಎಂದರೆ ಅದು ಅವಳ ಮೊಣಕಾಲು ಹತ್ತಿ ಕೂರುತ್ತಿತ್ತು. ಮೊದಲ ತುತ್ತು ಅದಕ್ಕೆ, ಎರಡನೆಯದು ಅವಳಿಗೆ.

ಇಂಥ ಅತ್ತೆಯ ಮೇಲೆ ಉಮಾದೇವಿಗೆ ಪ್ರಾಣ. ಅದಕ್ಕೆ ಕಾರಣವೂ ಇತ್ತು. ಅವಳಿಗೆ ಕಂಡಕ್ಟರ್ ಕೆಲಸ ಸಿಕ್ಕಾಗ ಬೀಗರು ಬಿಜ್ಜರೆಲ್ಲ ಮೂಗು ಮುರಿದಿದ್ದರು. ಹೆಣ್ಣು ಹೆಂಗಸು ಕೊರಳಿಗೆ ಚೀಲ ಹಾಕಿಕೊಂಡು ಗಂಡಸರ ನಡುವೆ ನುಗ್ಗಾಡುವುದೇ ಎಂದು ಒಬ್ಬರಿಗಿಂತ ಒಬ್ಬರು ಮರ್ಯಾದಸ್ಥರಾದರು. ರೇವಣಸಿದ್ದ ಎಂದಿನಂತೆ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ಬಾಗಿಲಲ್ಲಿ ನಿಂತಿದ್ದ. ಬಾಲಮ್ಮನೇ ಎದ್ದು ಹೇಳಿದ್ದಳು: “ನಾ ಸಣ್ಣಾಕಿ ಇದ್ದಾಗ ದೊಡ್ಡಿಗೆ ನೂರು ಕುರಿ ಎಣಿಸಿ ಹಾಕೀನಿ. ಈಕಿ ಐವತ್ತು ಮಂದಿನ ಎಣಿಸಲಾರಳೇನು? ನಡೀ ಯವ್ವಾ, ಚೀಲ ಹಾಕ್ಕೋ.” ಆ ಒಂದು ಮಾತಿನ ಋಣ ತೀರಿಸುವಂಥದ್ದಲ್ಲ ಎಂದು ಉಮಾದೇವಿ ಇವತ್ತಿಗೂ ತಿಳಿದಿದ್ದಾಳೆ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವಳ ಬಸ್ಸಿನಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಒಂದು ದಿನ ಮಾನ್ವಿ, ಒಂದು ದಿನ ದೇವದುರ್ಗ. ನಸುಕಿನಲ್ಲಿ ಹೋದವಳು ಸಂಜೆ ತಿರುಗುತ್ತಿದ್ದಳು. ಮಧ್ಯಾಹ್ನದ ಊಟ ಎಂದರೆ ಬಸ್ ನಿಲ್ದಾಣದಲ್ಲಿ ನಿಂತುಕೊಂಡೇ ಒಂದು ತಟ್ಟೆ ಮಂಡಾಳ ಒಗ್ಗರಣೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಎರಡು ಮಿರ್ಚಿ ಭಜಿ. ದೇವದುರ್ಗದ ಪಾಳಿ ಇದ್ದ ದಿನ ಅತ್ತೆಗೂ ಒಂದು ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದಳು. ಬಾಲಮ್ಮ ಅದನ್ನು ಸಾರಿನಲ್ಲಿ ಮೆತ್ತಗೆ ಮಾಡಿಕೊಂಡು ಉಣ್ಣುವುದನ್ನು ನೋಡಿ, ವಯಸ್ಸಾದ ಮೇಲೆ ಅತ್ತೆಗೆ ಹೋಟೆಲಿನ ರುಚಿ ಹತ್ತಿದೆ ಎಂದು ನಕ್ಕು ಸುಮ್ಮನಾಗುತ್ತಿದ್ದಳು.

ದೀಪಾವಳಿ ಕಳೆದ ಮೇಲೆ ಸಾವ್ಕಾರ ಸೀನತೊಡಗಿದ. ಮೊದಲು ನಗು ಬಂತು, ಆಮೇಲೆ ಹೆದರಿಕೆ. ಕೊಕ್ಕು ಬೆಳೆದು ಡೊಂಕಾಯಿತು, ಹಸಿರು ಪುಕ್ಕ ಒಣಗಿದ ಹುಲ್ಲಿನ ಬಣ್ಣಕ್ಕೆ ತಿರುಗಿತು. ದಿನವಿಡೀ ಮೈ ಉಬ್ಬಿಸಿಕೊಂಡು ಕಣ್ಣುಮುಚ್ಚಿ ಕೂರುತ್ತಿತ್ತು. ಬಾಲಮ್ಮ ದೃಷ್ಟಿ ತೆಗೆದಳು, ಸುಂಠಿ ನೀರು ಕುಡಿಸಿದಳು, ಏನೂ ಹತ್ತಲಿಲ್ಲ. ರಜೆಯ ದಿನ ಉಮಾದೇವಿ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋದಳು.

ಅಲ್ಲಿಯ ಡಾಕ್ಟರ್ ಶೈಲಜಾ ಮೊದಲು ಬೈದರು. ಕಾಡಿನ ಗಿಳಿಯನ್ನು ಮನೆಯಲ್ಲಿ ಸಾಕುವುದು ಕಾಯ್ದೆಗೆ ವಿರುದ್ಧ ಎಂದರು. ಸೊಟ್ಟ ರೆಕ್ಕೆಯನ್ನು ಬಿಡಿಸಿ ನೋಡಿದ ಮೇಲೆ ದನಿ ಇಳಿಯಿತು. “ಇದನ್ನ ಹೊರಗ ಬಿಟ್ರ ಬೆಕ್ಕಿನ ಪಾಲು. ಅರಣ್ಯ ಇಲಾಖೆಗೆ ನಾನ ತಿಳಿಸ್ತೀನಿ. ಮೊದಲ ಹುಷಾರಾಗ್ಲಿ. ಏನ್ ತಿಂತದ ಇದು?”

ಉಮಾದೇವಿ ಹೇಳತೊಡಗಿದಳು. ಮೆತ್ತನೆಯ ಅನ್ನ, ಸಾರು, ಚಹಾದಲ್ಲಿ ಅದ್ದಿದ ಬಿಸ್ಕತ್ತು, ನೆನೆಸಿದ ಒಗ್ಗರಣೆ, ಮಿರ್ಚಿಯ ಒಳಗಿನ ಹಿಟ್ಟು.

“ಇದು ಗಿಳಿಯೇನವ್ವಾ, ಇಲ್ಲಾ ಬಸ್ ಸ್ಟ್ಯಾಂಡಿನ ಹೋಟೆಲ್ ಗಿರಾಕಿಯೇನು?” ಡಾಕ್ಟರು ಕೊಕ್ಕು ಬಿಡಿಸಿ ಬಾಯೊಳಗಿನ ಬಿಳಿ ಕಲೆಗಳನ್ನು ತೋರಿಸಿದರು. “ಹಸಿ ತಪ್ಪಲ, ಬಣ್ಣದ ಕಾಯಿಪಲ್ಲೆ ಇಲ್ಲದ್ದಕ್ಕ ಹಿಂಗಾಗ್ಯದ. ಉಪ್ಪು, ಎಣ್ಣಿ, ಚಾ ಎಲ್ಲ ಬಂದ್ ಮಾಡ್ರಿ. ಮೆಂತೆ, ನುಗ್ಗಿ ತಪ್ಪಲ, ಗಜ್ಜರಿ, ಕುಂಬಳ, ಹಸಿ ಕಡ್ಲಿ, ಪ್ಯಾರಲ ಹಣ್ಣು. ಚೊಲೋ ತೊಳದು, ಸಣ್ಣಗ ಹೆಚ್ಚಿ, ದಿನಾ ಒಂದೊಂದು ಬ್ಯಾರೆ ಬ್ಯಾರೆ ಕೊಡ್ರಿ. ಕೊಡದಿದ್ರ ಇದು ಸಂಕ್ರಾಂತಿ ಕಾಣೂದಿಲ್ಲ.”

ಉಮಾದೇವಿ ಬುಟ್ಟಿ ಎದೆಗವಚಿಕೊಂಡು ಆಟೋದಲ್ಲಿ ಮನೆಗೆ ಬಂದಳು. ಹಕ್ಕಿ ಸತ್ತರೆ ಹಕ್ಕಿ ಸತ್ತಿತು ಎಂದು ಲೋಕ ಹೇಳುತ್ತದೆ. ಅವಳಿಗೆ ಮಾತ್ರ ಮನೆಯ ಚಿತ್ರ ಕಣ್ಣಮುಂದೆ ಬಂತು. ತಾನು ಬಸ್ಸಿನಲ್ಲಿ, ಗಂಡ ಗಿರಣಿಯಲ್ಲಿ, ಮಗಳು ಭಾಗ್ಯಜ್ಯೋತಿ ಹಾಸ್ಟೆಲಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಅತ್ತೆ ಮಾತಾಡುವುದು ಆ ಗಿಳಿಯೊಂದಿಗೆ. ಅದು ಹೋದರೆ ಅತ್ತೆಯ ತುತ್ತೂ ಅಲ್ಲಿಗೇ ನಿಲ್ಲುತ್ತದೆ ಎಂದು ಅವಳಿಗೆ ಖಾತ್ರಿಯಾಗಿ ಅನ್ನಿಸಿತು.

ಮಾರನೆಯ ದಿನದಿಂದಲೇ ಬಸ್ಸಿನಲ್ಲಿ ತಪ್ಪಲದ ವಿಚಾರಣೆ ಆರಂಭವಾಯಿತು. ಪೇಟೆಯಲ್ಲಿ ಸಿಗುವುದಿಲ್ಲವೆಂದಲ್ಲ. ಅವಳು ಸಂಜೆ ಇಳಿಯುವ ಹೊತ್ತಿಗೆ ಅಲ್ಲಿ ಉಳಿದಿರುವುದು ಬಾಡಿದ್ದು, ಕೊಳೆತದ್ದು. ಬಸ್ಸಿಗಾದರೆ ಹೊಲವೇ ಹತ್ತಿ ಬರುತ್ತಿತ್ತು. ನಮ್ಮ ಮಂದಿಗೆ ಕೇಳಿದರೆ ಸಾಕು, ಕೊಡುವುದರಲ್ಲಿ ಹಿಂದೆಮುಂದೆ ನೋಡುವುದಿಲ್ಲ. ಕಲ್ಮಲದ ಹೆಣ್ಣುಮಕ್ಕಳು ಮಡಿಲಿನಿಂದ, ಹೊಲದಲ್ಲಿ ತಾನೇ ಬೆಳೆಯುವ ಹಕ್ಕರಕಿ ಸೊಪ್ಪು ತೆಗೆದುಕೊಟ್ಟರು. ಒಬ್ಬಳು ಬುಡಸಮೇತ ಕಿತ್ತ ಕಡಲೆಗಿಡವನ್ನೇ ತಂದಳು, ತುಂಬ ಸುಲಗಾಯಿ, ಅಂದರೆ ಸುಲಿಯದ ಹಸಿ ಕಡಲೆ. ಇನ್ನೊಬ್ಬಳು ನುಗ್ಗೆಯ ಟೊಂಗೆ ಎಳೆದುಕೊಂಡು ಹತ್ತಿದ್ದಕ್ಕೆ ಹಿಂದಿನವರ ಕಣ್ಣು ಉಳಿದದ್ದೇ ಹೆಚ್ಚು. ಮಾನ್ವಿ ನಿಲ್ದಾಣದ ಹೊರಗೆ ಹಣ್ಣು ಮಾರುವ ಹಸೀನಾ ಬೇಗಂ ಮಾನ್ವಿ ಪಾಳಿಯ ದಿನ ತಪ್ಪದೆ ಒಂದು ಪೇರಲ ಬದಿಗಿಟ್ಟು, “ಏ ಕಂಡಕ್ಟರಮ್ಮ, ನಿಮ್ಮ ಸಾವ್ಕಾರಂದು ಹಿಸ್ಸಾ ತಗೊಂಡ್ ಹೋಗ್ರಿ” ಎಂದು ಕೂಗುತ್ತಿದ್ದಳು.

ಡ್ರೈವರ್ ಶಾಮೀದಸಾಬ ಕನ್ನಡಿಯಲ್ಲಿ ಇದನ್ನೆಲ್ಲ ನೋಡಿ ನಗುತ್ತಿದ್ದ. “ಉಮಕ್ಕಾ, ಬೋರ್ಡ್ ಬದಲು ಮಾಡಸ್ರಿ. ಇದು ಮಾನ್ವಿ ಬಸ್ಸಲ್ಲ, ಕಾಯಿಪಲ್ಲೆ ಗಾಡಿ.”

“ನಿನ್ನ ಸೀಟಿನ ಕೆಳಗ ಕುಂಬಳಕಾಯಿ ಇಟ್ಟೀನಿ, ಬ್ರೇಕ್ ಸಾವಕಾಶ ಹಾಕು,” ಎನ್ನುತ್ತಿದ್ದಳು ಉಮಾದೇವಿ.

ನಸುಕಿನಲ್ಲೇ ಎದ್ದು ಎಲ್ಲವನ್ನೂ ತೊಳೆದು, ಹೆಚ್ಚಿ, ಸಾವ್ಕಾರನ ಬಟ್ಟಲಿಗೆ ಹಾಕಿ ಹೋಗುವಳು. ಸಂಜೆ ಬಂದರೆ ಬಟ್ಟಲು ಖಾಲಿ, ನೆಕ್ಕಿದಷ್ಟು ಸ್ವಚ್ಛ. “ಅತ್ತೀ, ತಿಂದನೇನ್ರಿ?” ಎಂದರೆ ಬಾಲಮ್ಮ ಗಿಳಿಯ ತಲೆ ನೇವರಿಸುತ್ತ “ಬಟ್ಲ ಖಾಲಿ ಅದಲ್ಲ” ಎನ್ನುವಳು. ಉಮಾದೇವಿಗೆ ಅಷ್ಟೇ ಸಾಕು. ಮರುದಿನ ಬಸ್ಸಿನಲ್ಲಿ “ನಿಮ್ಮ ಹಕ್ಕರಕಿ ಒಂದ ಎಲಿ ಬಿಟ್ಟಿಲ್ಲ ನೋಡ್ರಿ!” ಎಂದು ಸುದ್ದಿ ಹೇಳಿದರೆ ಇಡೀ ಬಸ್ಸು ಗೆದ್ದಂತೆ ಸಂಭ್ರಮಪಡುತ್ತಿತ್ತು.

ಆದರೆ ಸಾವ್ಕಾರ ಮಾತ್ರ ದಿನದಿಂದ ದಿನಕ್ಕೆ ಕುಗ್ಗುತ್ತ ಬಂದ. ಹೊರಸಿನ ಹಗ್ಗದ ಮೇಲೆ ಕೂತಲ್ಲೇ ತೂಗಾಡಿ ಬೀಳತೊಡಗಿದ. ಉಮಾದೇವಿ ಮತ್ತೆ ಆಸ್ಪತ್ರೆಗೆ ಓಡಿದಳು. ಡಾಕ್ಟರ್ ಶೈಲಜಾ ಬಾಯಿ ನೋಡಿದರು, ಬುಟ್ಟಿಗೆ ಹಾಸಿದ ಕಾಗದದ ಮೇಲಿನ ಹಿಕ್ಕೆ ನೋಡಿದರು, ಆಮೇಲೆ ಅವಳ ಮುಖ ನೋಡಿದರು.

“ಈ ಹಕ್ಕಿ ಒಂದು ಎಲಿ ಸುದ್ದಾ ತಿಂದಿಲ್ಲ.”

“ದಿನಾ ಬಟ್ಲ ಖಾಲಿ ಇರ್ತದರಿ ಮೇಡಮ್ಮಾರ!”

“ಬಟ್ಲ ಖಾಲಿ ಇರಬಹುದು. ಇದರ ಹೊಟ್ಟ್ಯಾಗ ತಪ್ಪಲ ಹೋಗಿಲ್ಲ. ಗಿಳಿ ಗುಂಪಿನ್ಯಾಗ ಉಣ್ಣೂ ಹಕ್ಕಿ. ತನ್ನ ಮುಂದ ಕೂತವ್ರು ಏನ್ ತಿಂತಾರೋ ಅದನ್ನ ನಂಬ್ತದ. ಮನ್ಯಾಗ ಇದು ಯಾರ ಜೋಡಿ ಉಣ್ತದ?”

ಉಮಾದೇವಿ ಮರುದಿನ ಡಿಪೋದಲ್ಲಿ ಜೊತೆಗಾರ್ತಿಯೊಬ್ಬಳ ಜೊತೆ ಪಾಳಿ ಬದಲಿಸಿಕೊಂಡು, ಅತ್ತೆಗೆ ಹೇಳದೆ ಮಧ್ಯಾಹ್ನಕ್ಕೇ ಮನೆಗೆ ಬಂದಳು. ಬಾಗಿಲ ಬಳಿ ಬರುವಷ್ಟರಲ್ಲಿ ಕಂಡದ್ದು ಇದು: ಬಾಲಮ್ಮ ಸಾವ್ಕಾರನ ಬಟ್ಟಲು ಹಿಡಿದು ಪಕ್ಕದ ಮನೆಯ ಸವಿತಾಳ ಆಡಿನ ಮುಂದೆ ನಿಂತಿದ್ದಾಳೆ. ಆಡು ಕಲ್ಮಲದ ಹಕ್ಕರಕಿ, ಮಾನ್ವಿಯ ಪೇರಲ, ದೇವದುರ್ಗದ ಕ್ಯಾರೆಟ್ಟು, ಅಂದರೆ ಗಜ್ಜರಿ, ಎಲ್ಲವನ್ನೂ ಬೀಗರ ಮನೆಯ ಊಟದಂತೆ ಹೊಡೆಯುತ್ತಿದೆ. ತಿಂಗಳೊಪ್ಪತ್ತಿನಿಂದ ಆ ಆಡು ಮೈತುಂಬಿಕೊಂಡದ್ದು ಉಮಾದೇವಿಯ ಕಣ್ಣಿಗೆ ಆಗ ಬಿತ್ತು.

“ಅತ್ತೀ! ಏನ್ ಮಾಡಾಕತ್ತೀರಿ?”

ಬಾಲಮ್ಮ ಬೆಚ್ಚಿ ತಿರುಗಿದಳು. “ಅದು ತಿನ್ನಂಗಿಲ್ಲಬೇ. ಹಂಗ ಬಿಟ್ರ ಬಾಡ್ತದ, ಅದಕ್ಕ...”

“ನೀವು ಕೊಟ್ರ ತಿಂತದ! ನಿಮ್ಮ ಕೈಲೆ ಏನ್ ಕೊಟ್ರೂ ತಿಂತದ! ಮಂದಿ ಮುಂದ ಕೈಯೊಡ್ಡಿ ತರಾಕತ್ತೀನಿ ನಾ. ಒಂದು ಎಲಿ ಎತ್ತಿ ಅದರ ಬಾಯಿಗೆ ಹಿಡಿಯಾಕ ನಿಮಗೇನ್ ಧಾಡಿ? ಅದು ಸಾಯ್ಲಿ ಅಂತೀರೇನು?”

ಮದುವೆಯಾಗಿ ಬಂದಾಗಿನಿಂದ ಅತ್ತೆಗೆ ದನಿಯೇರಿಸಿ ಮಾತಾಡಿದವಳಲ್ಲ. ಆಡಿದ ಮೇಲೆ ತನ್ನ ಗಂಟಲಿಗೆ ತಾನೇ ಹೆದರಿದಳು. ಬಾಲಮ್ಮ ಸಿಟ್ಟಾಗಲಿಲ್ಲ. ಖಾಲಿ ಬಟ್ಟಲು ಹಿಡಿದು ಒಳಗೆ ಬಂದು ಹೊರಸಿನ ಮೇಲೆ ಕೂತಳು. ಗಿಳಿ ತೆವಳುತ್ತ ಬಂದು ಅವಳ ತೊಡೆಗೆ ಒರಗಿತು.

“ನಾ ತಿನ್ನಲಾರದ್ದನ್ನ ಈ ಬಾಯಿಲ್ಲದ್ದಕ್ಕ ಹೆಂಗ ಕೊಡ್ಲಿ?” ಎಂದಳು. “ನಮ್ಮಪ್ಪ ಹೇಳ್ತಿದ್ದ, ನಿನ್ನ ತಾಟಿನಾಗಿಂದು ಕೊಟ್ರ ತುತ್ತು, ತಾಟಿನ ಹೊರಗಿಂದು ಕೊಟ್ರ ಕಸ. ನನಗ ಮೊದಲ ತುತ್ತು ಕೊಡೂದು ಗೊತ್ತದ ಯವ್ವಾ. ಕಸ ಚೆಲ್ಲೂದು ಗೊತ್ತಿಲ್ಲ.”

“ಹಂಗಾರ ನೀವೂ ತಿನ್ರಿ ಅತ್ತೀ! ಮೆಂತೆ, ಗಜ್ಜರಿ ಏನ್ ವಿಷ ಅದೇನು?”

ಬಾಲಮ್ಮ ಬಾಯಿ ತೆರೆದು ತೋರಿಸಿದಳು. ಒಂದು ಹಲ್ಲೂ ಇಲ್ಲ. ಕೆಳಗಿನ ವಸಡಿನ ಮೇಲೆ ಎರಡು ಕಡೆ ಕೆಂಪಗೆ ಹಸಿ ಗಾಯ. ಗಜ್ಜರಿಯನ್ನು, ಸುಲಗಾಯಿಯನ್ನು ಬರೀ ವಸಡಿನಿಂದ ಕಡಿಯಲು ನೋಡಿದ್ದಳು. ಒಂದು ದಿನವಲ್ಲ, ಬಹಳ ದಿನ ನೋಡಿದ್ದಳು. ಆಗದೇ ಇದ್ದಾಗ ಬಟ್ಟಲನ್ನು ಆಡಿನ ಹತ್ತಿರ ಒಯ್ದಿದ್ದಳು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ನಾವು ನಗುತ್ತ ಹೇಳುತ್ತೇವೆ. ಆ ಗಾಯ ನೋಡಿದ್ದರೆ ಯಾರೂ ನಗುತ್ತಿರಲಿಲ್ಲ.

“ಮೂರು ವರ್ಷದಿಂದ ನುಂಗಾಕತ್ತೀನಿ. ನಾ ಏನ್ ನುಂಗ್ತೀನೋ ಅದನ್ನ ಕೊಟ್ಟೀನಿ.”

ಉಮಾದೇವಿ ಅಲ್ಲೇ ನೆಲದ ಮೇಲೆ ಕೂತಳು. ಮೊದಲು ಸಾವ್ಕಾರ ಹಸಿ ಮೆಂತ್ಯ ಕಂಡರೆ ಕುಣಿಯುತ್ತಿದ್ದುದು ಅವಳಿಗೆ ನೆನಪಾಯಿತು. ಆಗ ಅತ್ತೆಗೆ ಹಲ್ಲಿತ್ತು. ಗರಿಗರಿ ಒಣಗಿದ ಕಟಕ ರೊಟ್ಟಿಗೆ ಹಸಿ ಮೆಂತ್ಯ, ಹಕ್ಕರಕಿ, ಸೌತೆಕಾಯಿ ಇಟ್ಟುಕೊಂಡು ಕುಟುಕುಟು ತಿನ್ನುತ್ತಿದ್ದಳು, ಗಿಳಿಯೂ ತಿನ್ನುತ್ತಿತ್ತು. ಒಂದೊಂದೇ ಹಲ್ಲು ಬಿದ್ದಂತೆ ತಾಟಿನಿಂದ ಒಂದೊಂದೇ ಪದಾರ್ಥ ಇಳಿಯಿತು. ಕೊನೆಗೆ ಅನ್ನ, ಚಹಾ, ಬಿಸ್ಕತ್ತು ಉಳಿಯಿತು. ಒಗ್ಗರಣೆಯ ಪೊಟ್ಟಣವನ್ನು ಹೆಮ್ಮೆಯಿಂದ ತಂದುಕೊಟ್ಟವಳು ತಾನೇ. ಗಿಳಿಯ ಬಟ್ಟಲಿಗೆ ಇಡೀ ಬಸ್ಸನ್ನು ಕಾಡಿ ಬೇಡಿದವಳು ಅತ್ತೆಯ ತಾಟನ್ನು ಬಗ್ಗಿ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂಕಟವಾಯಿತು.

“ಹಲ್ಲಿನ ಸೆಟ್ ಮಾಡಿಸಿ ಕೊಟ್ಟಿದ್ವೆಲ್ಲ ಅತ್ತೀ? ಒಂದು ದಿನ ಹಾಕ್ಕೊಂಡು ತಗದು ಡಬ್ಬ್ಯಾಗ ಇಟ್ರಿ. ಯಾರರ ಹಲ್ಲೋ ಏನೋ, ನನಗ ಬ್ಯಾಡ ಅಂತ ಹಟ ಮಾಡಿದ್ರಿ.”

“ಹಂಗ ಅಂದ್ರ ನೀವು ಬೈದು ಸುಮ್ನಾಗ್ತೀರಿ ಅಂತ ಅಂದೆ,” ಎಂದಳು ಬಾಲಮ್ಮ. “ಆ ದಿನ ಹಲ್ಲು ಹಾಕ್ಕೊಂಡು ಇದನ್ನ ಕರದೆ. ನನ್ನ ಮಾರಿ ನೋಡಿ ಚೀರಿಬಿಡ್ತು. ಹೊರಸಿನ ಕೆಳಗ ಹೊಕ್ಕು ಕೂತ್ತು. ಎಷ್ಟ್ ಕರದ್ರೂ ಬರಲಿಲ್ಲ, ಒಂದ ತುತ್ತು ಮುಟ್ಟಲಿಲ್ಲ. ಮಾರಿ ಬದಲಾಗಿತ್ತಲ್ಲ, ನನ್ನ ಗುರ್ತು ಹಿಡೀಲಿಲ್ಲ. ಇದಕ ನಾನ ಬ್ಯಾಡಾದ ಮ್ಯಾಲ ನನಗ ಹಲ್ಲು ಯಾಕ ಬೇಕವ್ವಾ?”

ಮೂರು ವರ್ಷ ಮನೆಯವರೆಲ್ಲ ಹಟಮಾರಿ ಮುದುಕಿ ಎಂದದ್ದು ಇವಳನ್ನೇ. ಉಮಾದೇವಿ ಅತ್ತೆಯ ಮೊಣಕಾಲಿಗೆ ಹಣೆಯಿಟ್ಟು ಅತ್ತಳು. ಸಾವ್ಕಾರ ಅಂಥ ಸ್ಥಿತಿಯಲ್ಲೂ ಅವಳ ಮುಡಿಯ ಪಿನ್ನು ಎಳೆಯಲು ನೋಡಿದ.

ಸಂಜೆ ಅವಳು ಸೊಪ್ಪು, ಗಜ್ಜರಿ ಎಲ್ಲ ಕಲ್ಲಿನಲ್ಲಿ ಅರೆದು ಇಬ್ಬರಿಗೂ ಇಟ್ಟು ನೋಡಿದಳು. ಬಾಲಮ್ಮ ಮೊದಲ ತುತ್ತನ್ನು ಗಿಳಿಯ ಮುಂದೆ ಹಿಡಿದಳು. ಸಾವ್ಕಾರ ಆ ಹಸಿರು ಮುದ್ದೆಯನ್ನು ನೋಡಿ, ಅಂಗಡಿ ಮುಚ್ಚುವ ಹೊತ್ತಿಗೆ ಬಂದ ಗಿರಾಕಿಯನ್ನು ನೋಡಿದಂತೆ ಮುಖ ತಿರುಗಿಸಿದ. ಅದು ತುಸು ಹೊತ್ತು ತೂಕಡಿಸಿ ಮತ್ತೆ ಹಗ್ಗದಿಂದ ಜಾರಿತು. ಬಾಲಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಮೈಯಲ್ಲಿ ಭಾರವೇ ಇರಲಿಲ್ಲ.

“ಉಮಾ,” ಎಂದಳು, “ಮ್ಯಾಲಿನ ಹಲಗಿ ಮ್ಯಾಲ ಹಲ್ಲಿನ ಡಬ್ಬಿ ಅದ. ತಗಿ.”

ಮೂರು ವರ್ಷದಲ್ಲಿ ವಸಡು ಸವೆದುಹೋಗಿತ್ತು. ಹಲ್ಲು ಬಾಯಲ್ಲಿ ನಿಲ್ಲದೆ, ಮಾತಾಡಿದರೆ ಮಾತಿಗಿಂತ ಮುಂಚೆ ಹಲ್ಲೇ ಹೊರಗೆ ಬರುತ್ತಿತ್ತು. ಉಮಾದೇವಿ ರಜೆ ಹಾಕಿ ಅತ್ತೆಯನ್ನು ಹಲ್ಲಿನ ದವಾಖಾನೆಗೆ ಕರೆದೊಯ್ದಳು. ಅವರು ಗಾಯ ಮಾಯುವವರೆಗೆ ಔಷಧಿ ಕೊಟ್ಟು, ಹೊಸದಾಗಿ ಅಳತೆ ತೆಗೆದು, ಹಳೆಯ ಸೆಟ್ಟಿಗೆ ಒಳಗಿನಿಂದ ಪದರ ಕೂಡಿಸಿ ಕೊಟ್ಟರು. ಅಷ್ಟು ದಿನ ಡಾಕ್ಟರ್ ಶೈಲಜಾ ಹೇಳಿದಂತೆ ಹನಿ ಹನಿಯಾಗಿ ಔಷಧಿ ಹಾಕಿ ಸಾವ್ಕಾರನ ಜೀವ ಹಿಡಿದಿಟ್ಟದ್ದಾಯಿತು. “ಔಷಧಿಲೆ ಎಷ್ಟ್ ದಿನ ತಡೀತದ? ತಾನ ತಿನ್ನಬೇಕು,” ಎಂದಿದ್ದರು ಅವರು.

ಹಲ್ಲು ಬಂದ ದಿನ ಮಧ್ಯಾಹ್ನ ಬಾಲಮ್ಮ ತಾಟು ಹಾಕಿಸಿಕೊಂಡು ಕೂತಳು. ಕಟಕ ರೊಟ್ಟಿ, ಹಸಿ ಮೆಂತ್ಯ, ಹಕ್ಕರಕಿ, ಸುಲಿದ ಕಡಲೆ, ಉದ್ದಕ್ಕೆ ಸೀಳಿದ ಗಜ್ಜರಿ. ಉಪ್ಪಿಲ್ಲ, ಎಣ್ಣೆಯಿಲ್ಲ. ಹಲ್ಲು ಹಾಕಿಕೊಂಡಾಗ ಅವಳ ಕೆನ್ನೆ ತುಂಬಿ, ತುಟಿ ಮುಂದೆ ಬಂದು, ಉಮಾದೇವಿಗೇ ಒಂದು ಕ್ಷಣ ಬೇರೆ ಯಾರೋ ಅನ್ನಿಸಿದಳು. “ಬಾರಪಾ ಸಾವ್ಕಾರ” ಎಂದಳು. ದನಿಯೂ ಬದಲಾಗಿತ್ತು. ಗಿಳಿ ಚೀರಿತು. ರೆಕ್ಕೆ ಎಳೆದುಕೊಂಡು ಹೊರಸಿನ ಕೆಳಗೆ ಹೊಕ್ಕು ಗೋಡೆಗೆ ಒತ್ತಿ ಕೂತಿತು.

ಬಾಲಮ್ಮನ ಕೈ ಬಾಯಿಗೆ ಹೋಯಿತು. ಈಗ ಹಲ್ಲು ತೆಗೆದುಬಿಡುತ್ತಾಳೆ ಎಂದುಕೊಂಡಳು ಉಮಾದೇವಿ. ಬಾಲಮ್ಮ ತೆಗೆಯಲಿಲ್ಲ. ತಾಟನ್ನು ನೆಲಕ್ಕಿಳಿಸಿ, ತಾನೂ ಕಷ್ಟಪಟ್ಟು ನೆಲಕ್ಕೆ ಕೂತು, ಹೊರಸಿನ ಕೆಳಗೆ ಬಗ್ಗಿ ಗಜ್ಜರಿ ಚಾಚಿದಳು. ಅದು ಬರಲಿಲ್ಲ. ಮೆಂತ್ಯ ಚಾಚಿದಳು. ಬರಲಿಲ್ಲ. ಹೊತ್ತು ಜಾರಿತು.

“ನೀವು ತಿನ್ರಿ ಅತ್ತೀ,” ಎಂದಳು ಉಮಾದೇವಿ ಮೆಲ್ಲಗೆ. “ನೀವು ತಿಂದದ್ದು ನೋಡಿದ್ರನ ಅದು ತಿಂತದ ಅಂತ ಡಾಕ್ಟರಮ್ಮ ಹೇಳ್ಯಾರ.”

“ಅದಕ ಕೊಡದ ನಾ ಮೊದಲ ತಿನ್ಲೇನು?”

ಅದಕ್ಕೆ ಹೂಂ ಅನ್ನುವುದು ಸೊಸೆ ಹೇಳುವ ಮಾತಲ್ಲ. ಅವಳು ಬಂದು ಸೇರಿದ ಮನೆಯಲ್ಲಿ ಏನೇನೋ ಬದಲಾಗಿತ್ತು, ಊರು, ಕಸುಬು, ಉಡುಗೆ, ಎಲ್ಲ. ಈ ಒಂದು ಕಟ್ಟಳೆ ಮಾತ್ರ ನೆಟ್ಟಗೆ ನಿಂತಿತ್ತು. ಮಗ ಸತ್ತೇಹೋಗುತ್ತಾನೆ ಎನ್ನುವಷ್ಟು ಜ್ವರ ಬಂದಿದ್ದ ದಿನ ಕೂಡ ಬಾಲಮ್ಮ ನಾಯಿಗಿಡದೆ ಗಂಜಿ ಕುಡಿದಿರಲಿಲ್ಲವಂತೆ.

ಬಾಲಮ್ಮ ತಾಟು ನೋಡಿದಳು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಚಂದ್ರಬಂಡದ ದಿಕ್ಕು ಯಾವುದೋ ಅಂದಾಜು ಮಾಡಿ, ಅತ್ತ ಕೈಮುಗಿದಳು. “ಯಪ್ಪಾ, ಇವತ್ತೊಂದು ದಿನ ಮೊದಲ ತುತ್ತು ನಂದು. ಇದನ್ನ ಉಳಿಸಾಕ ತಿನ್ನಾಕತ್ತೀನಿ, ಹೊಟ್ಟಿಗಲ್ಲ. ತಪ್ಪಾದ್ರ ನನಗ ಶಿಕ್ಷಾ ಕೊಡು, ಇದಕ ಬ್ಯಾಡ,” ಎಂದಳು. ಗಜ್ಜರಿಯ ಸೀಳನ್ನು ಬಾಯಿಗಿಟ್ಟು ಕಡಿದಳು.

ಕಟಕ್ ಎಂದಿತು. ಮೂರು ವರ್ಷದಿಂದ ಆ ಮನೆಯಲ್ಲಿ ಬಾಲಮ್ಮನ ತಾಟಿನಿಂದ ಅಂಥ ಸದ್ದು ಕೇಳಿರಲಿಲ್ಲ. ಅವಳು ಅಗಿದಳು, ಕಟುಕಟು, ಕಟುಕಟು. ಕಣ್ಣಲ್ಲಿ ನೀರಿಳಿಯುತ್ತಿತ್ತು, ನಿಲ್ಲಿಸಲಿಲ್ಲ. ರೊಟ್ಟಿ ಮುರಿದಳು, ಮೆಂತ್ಯ ಸುತ್ತಿದಳು, ಅಗಿದಳು. ಹೊರಸಿನ ಕೆಳಗೆ ಸಾವ್ಕಾರ ತಲೆ ಓರೆ ಮಾಡಿದ. ಈ ಮುಖ ಅವನಿಗೆ ಗೊತ್ತಿರಲಿಲ್ಲ. ಸದ್ದು ಗೊತ್ತಿತ್ತು. ಹಲ್ಲಿದ್ದ ಕಾಲದ, ಬೇವಿನ ಮರದ ಕೆಳಗಿನಿಂದ ಮನೆಗೆ ಬಂದ ಹೊಸದರಲ್ಲಿ ದಿನಾ ಕೇಳಿದ ಸದ್ದು ಅದು. ಒಂದು ಹೆಜ್ಜೆ ಹೊರಗೆ ಬಂದ. ನಿಂತ. ಇನ್ನೊಂದು ಹೆಜ್ಜೆ. ಬಾಲಮ್ಮ ಅವನತ್ತ ನೋಡದೆ ಅಗಿಯುತ್ತಲೇ ಇದ್ದಳು. ಸಾವ್ಕಾರ ಸೀರೆಯ ನೆರಿಗೆ ಕಚ್ಚಿ ಮೊಣಕಾಲು ಹತ್ತಿದ, ಅರ್ಧದಲ್ಲಿ ಜಾರಿದ, ಮತ್ತೆ ಹತ್ತಿದ. ಅವಳ ಬೆರಳ ನಡುವಿನ ಗಜ್ಜರಿಯ ತುಂಡನ್ನು ಕೊಕ್ಕಿನಿಂದ ಮುಟ್ಟಿ ನೋಡಿದ. ಮೊದಲು ಒಂದು ಚೂರು ಕಡಿದು ಉಗುಳಿದ. ಎರಡನೆಯ ಚೂರನ್ನು ನುಂಗಿದ. ಮೂರನೆಯದಕ್ಕೆ ಕಾಲಿನಿಂದ ಗಜ್ಜರಿಯನ್ನೇ ಹಿಡಿದುಕೊಂಡ.

“ತಿನ್ನಾಕತ್ಯಾನ,” ಎಂದಳು ಬಾಲಮ್ಮ. ಹಲ್ಲಿನ ಸಂದಿಯಿಂದ ಮೆಂತ್ಯದ ಎಲೆಯೊಂದು ಹೊರಗೆ ಇಣುಕುತ್ತಿತ್ತು. “ಉಮಾ, ತಿನ್ನಾಕತ್ಯಾನ ನೋಡ!”

ಬಾಗಿಲ ಚೌಕಟ್ಟಿಗೆ ಒರಗಿ ನಿಂತ ಉಮಾದೇವಿ ಇಬ್ಬರನ್ನೂ ನೋಡುತ್ತಲೇ ಇದ್ದಳು. ನಾಳೆ ಮಾನ್ವಿಯಲ್ಲಿ ಹಸೀನಾ ಬೇಗಂಗೆ, ಬಸ್ಸಿನಲ್ಲಿ ಶಾಮೀದಸಾಬಗೆ, ಕಲ್ಮಲದವರಿಗೆ ಈ ಸಲ ನಿಜವಾದ ಸುದ್ದಿಯನ್ನೇ ಹೇಳಬಹುದು ಎಂದು ಹೊಳೆದು, ಸೆರಗಿನಿಂದ ಮೂಗು ಒರೆಸಿಕೊಂಡಳು.

ಬಾಲಮ್ಮ ಅಗಿಯುವುದನ್ನು ನಿಲ್ಲಿಸಿ ಸೊಸೆಯನ್ನು ದಿಟ್ಟಿಸಿದಳು. “ನಿನ್ನ ಊಟ?”

“ಆಮ್ಯಾಲ ಉಣ್ತೀನಿ ಅತ್ತೀ. ನನಗೇನು, ಒಗ್ಗರಣಿ ತಿಂದ್ರೂ ನಡೀತದ.”

“ನಡೀತದ, ನಡೀತದ. ನಂದೂ ಹಂಗ ನಡದಿತ್ತು.” ಬಾಲಮ್ಮ ರೊಟ್ಟಿ ಮುರಿದು, ಹಕ್ಕರಕಿಯ ಎರಡು ಎಲೆ ಇಟ್ಟು, ನಾಲ್ಕು ಕಡಲೆ ಸೇರಿಸಿ ಕೈ ಚಾಚಿದಳು. “ಬಾಯಿ ಇದ್ದೂ ಕೇಳಲಾರದಾಕಿ ನೀನೂ ಒಬ್ಬಾಕಿ ಇದ್ದೀ ಈ ಮನ್ಯಾಗ. ಬಾ ಇಲ್ಲಿ. ಕೂಡು.”

ಉಮಾದೇವಿ ಬಂದು ಅತ್ತೆಯ ಎದುರಿಗೆ ನೆಲದ ಮೇಲೆ ಕೂತು ಬಾಯಿ ತೆರೆದಳು. ಸಾವ್ಕಾರ ಗಜ್ಜರಿ ಬಿಟ್ಟು ಆ ತುತ್ತಿನ ಕಡೆ ಕೊರಳು ಚಾಚಿದ. ಬಾಲಮ್ಮ ಅವನನ್ನು ಮೊಣಕೈಯಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ, ತುತ್ತನ್ನು ಸೊಸೆಯ ಬಾಯಿಗಿಟ್ಟಳು.